ಮತ ಎಣಿಸಿದ ಮೇಲೂ ಮುಗಿಯದ ವ್ಯಾಜ್ಯ: ಗ್ರೀಕ್ ರುದ್ರನಾಟಕದಲ್ಲಿ ದೇವಕಾರ್ಯ ಮತ್ತು ಜನಾಧಿಕಾರ

ರಂಗದೀವಿಗೆ (ಚರ್ಚೆ ಆರಂಭಿಸಿದವರು):

ಗ್ರೀಕ್ ರುದ್ರನಾಟಕಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ವಿಧಿ, ನಾಯಕನ ದೋಷ, ಭಾವವಿರೇಚನ ಇವುಗಳ ಸುತ್ತಲೇ ನಡೆಯುತ್ತದೆ. ಅರಿಸ್ಟಾಟಲನ ಮೂಲಕ ಈ ನಾಟಕಗಳಿಗೆ ಬಂದವರಿಗೆ ಅದು ಸಹಜವೇ. ಆದರೆ ಈಸ್ಕಿಲಸನ ಕಾಲಕ್ಕೂ ಅರಿಸ್ಟಾಟಲನ ಬರವಣಿಗೆಗೂ ನಡುವೆ ಒಂದು ಶತಮಾನಕ್ಕೂ ಹೆಚ್ಚಿನ ಅಂತರವಿದೆ. ನಾಟಕಗಳು ಯಾವ ದೇವರ ಉತ್ಸವದಲ್ಲಿ ಆಡಲ್ಪಟ್ಟವೋ ಆ ಡಯೊನೀಸಸನಾಗಲಿ, ಯಾವ ಜನ ಅವುಗಳನ್ನು ನೋಡಿದರೋ ಆ ಅಥೆನ್ಸಿನ ಜನಸಭೆಯಾಗಲಿ ಅರಿಸ್ಟಾಟಲನ ವಿವೇಚನೆಯಲ್ಲಿ ಹೆಚ್ಚುಕಡಿಮೆ ಕಾಣಿಸಿಕೊಳ್ಳುವುದೇ ಇಲ್ಲ. ಈ ಎರಡನ್ನೂ ಮತ್ತೆ ಒಳಗೆ ತಂದುಕೊಂಡು ಓದಿದರೆ ಏನು ಕಾಣುತ್ತದೆ ಎಂಬುದನ್ನು ಇಲ್ಲಿ ಚರ್ಚಿಸೋಣವೆಂದು ಈ ಎಳೆಯನ್ನು ತೆರೆಯುತ್ತಿದ್ದೇನೆ.

ನನ್ನ ವಾದವನ್ನು ಒಂದೇ ನಾಟಕದಿಂದ ಆರಂಭಿಸುತ್ತೇನೆ. ಕ್ರಿ.ಪೂ. 458ರಲ್ಲಿ ಈಸ್ಕಿಲಸನ ‘ಒರೆಸ್ಟಿಯಾ’ ನಾಟಕತ್ರಯ ಪ್ರದರ್ಶನಗೊಂಡಿತು. ಅದಕ್ಕೆ ಮೂರು ನಾಲ್ಕು ವರ್ಷಗಳ ಹಿಂದಷ್ಟೇ ಎಫಿಯಾಲ್ಟೀಸ್ ಎಂಬ ನಾಯಕ, ಹಿರಿಯ ಅಧಿಕಾರಿಗಳ ಸಭೆಯಾಗಿದ್ದ ಅರಿಯೋಪಗಸ್‌ನ ರಾಜಕೀಯ ಅಧಿಕಾರಗಳನ್ನು ಕಿತ್ತು ಜನಸಭೆಗೂ ಜನರ ನ್ಯಾಯಾಲಯಗಳಿಗೂ ಹಂಚಿದ್ದನು. ಅರಿಯೋಪಗಸ್‌ಗೆ ಮುಖ್ಯವಾಗಿ ಕೊಲೆ ಮೊಕದ್ದಮೆಗಳ ವಿಚಾರಣೆ ಉಳಿಯಿತು. ಸ್ವಲ್ಪ ಕಾಲದಲ್ಲೇ ಎಫಿಯಾಲ್ಟೀಸನ ಕೊಲೆಯೂ ಆಯಿತು. ಇಂತಹ ಹೊತ್ತಿನಲ್ಲಿ ಈಸ್ಕಿಲಸ್ ತನ್ನ ಮೂರನೆಯ ನಾಟಕವಾದ ‘ಯುಮೆನಿಡೀಸ್’ನಲ್ಲಿ ಅದೇ ಅರಿಯೋಪಗಸ್ ನ್ಯಾಯಾಲಯದ ಸ್ಥಾಪನೆಯನ್ನು ರಂಗದ ಮೇಲೆ ತಂದನು. ತಾಯಿಯನ್ನು ಕೊಂದ ಒರೆಸ್ಟೀಸನ ವಿಚಾರಣೆ ನಡೆಯುತ್ತದೆ, ಪಂಚರು ಪಾತ್ರೆಗಳಲ್ಲಿ ಹರಳು ಹಾಕುತ್ತಾರೆ, ಮತಗಳು ಸಮವಾಗಿ ಬರುತ್ತವೆ, ಒರೆಸ್ಟೀಸ್ ಬಿಡುಗಡೆ ಹೊಂದಿ ಆರ್ಗಾಸ್‌ಗೆ ಹೊರಟುಹೋಗುತ್ತಾನೆ.

ಕುಲವೈರದ ಜಾಗದಲ್ಲಿ ನ್ಯಾಯಾಲಯ ಬಂದಿತು, ಪ್ರಜಾಪ್ರಭುತ್ವ ಗೆದ್ದಿತು ಎಂದು ಬಹಳಷ್ಟು ಪರಿಚಯ ಲೇಖನಗಳು ಇಲ್ಲಿಗೆ ನಿಲ್ಲಿಸಿಬಿಡುತ್ತವೆ. ಆದರೆ ಒರೆಸ್ಟೀಸ್ ಹೊರಟುಹೋದ ಮೇಲೂ ನಾಟಕದ ಕಾಲು ಭಾಗ ಉಳಿದಿರುತ್ತದೆ. ಸೋತ ಪಕ್ಷವಾದ ಎರಿನಿಗಳು, ಅಂದರೆ ರಕ್ತಪಾತಕ್ಕೆ ಸೇಡು ತೀರಿಸುವ ಉಗ್ರದೇವತೆಗಳು, ಈ ನೆಲದ ಮೇಲೆ ವಿಷ ಕಾರುತ್ತೇವೆ, ಬೆಳೆಯೂ ಸಂತಾನವೂ ನಾಶವಾಗಲಿ ಎಂದು ಶಪಿಸಲು ನಿಲ್ಲುತ್ತಾರೆ. ಅವರನ್ನು ಒಲಿಸಲು ನಗರದೇವತೆ ಅಥೀನಾ ಮತಗಳ ಲೆಕ್ಕವನ್ನು ನೆನಪಿಸುತ್ತಾಳಾದರೂ ಅಷ್ಟರಿಂದ ಅವರು ಬಗ್ಗುವುದಿಲ್ಲ. ಕೊನೆಗೆ ಅವರನ್ನು ಬಗ್ಗಿಸುವುದು ನೆಲದಡಿಯ ನೆಲೆ, ಮೊದಲ ಫಸಲಿನ ಮೀಸಲು, ಮದುವೆಗೂ ಹೆರಿಗೆಗೂ ಮುನ್ನ ಸಲ್ಲುವ ಬಲಿ, ಅಂದರೆ ಪೂಜೆಯ ಹಕ್ಕು. ಆಮೇಲೆ ಕೆಂಪು ಉಡುಪು, ಪಂಜುಗಳು, ಹೆಂಗಸರ ಜಯಘೋಷ ಇವುಗಳೊಂದಿಗೆ ಮೆರವಣಿಗೆ. ಮತದಾನವು ತೀರ್ಪನ್ನು ಕೊಟ್ಟಿತು, ಆದರೆ ಸೋತವರು ಅದೇ ಊರಿನಲ್ಲಿ ಬಾಳುವ ದಾರಿಯನ್ನು ಕೊಟ್ಟದ್ದು ದೇವಕಾರ್ಯ. ಈಸ್ಕಿಲಸನಿಗೆ ಈ ಎರಡನೆಯ ಕೆಲಸವೇ ಹೆಚ್ಚು ಕಷ್ಟದ್ದಾಗಿ ಕಂಡಿರಬೇಕು. ಸಾಲುಗಳ ಹಂಚಿಕೆಯೇ ಅದನ್ನು ಹೇಳುತ್ತದೆ.

ಸಂದೇಹಿ:

ಓದು ಚೆನ್ನಾಗಿದೆ. ಆದರೆ ‘ಪ್ರಜಾಪ್ರಭುತ್ವದ ಮೌಲ್ಯ’ ಎಂಬ ಮಾತನ್ನು ಇಲ್ಲಿ ಎಷ್ಟು ಭಾರಕ್ಕೆ ಬಳಸಬಹುದು ಎಂಬುದು ನನ್ನ ಪ್ರಶ್ನೆ. 1987ರಲ್ಲಿ ವಿದ್ವಾಂಸ ಸೈಮನ್ ಗೋಲ್ಡ್‌ಹಿಲ್ ಒಂದು ಪ್ರಸಿದ್ಧ ಲೇಖನ ಬರೆದು, ನಾಟಕಗಳಿಗೆ ಮುನ್ನ ಡಯೊನೀಸಸನ ರಂಗಮಂದಿರದಲ್ಲಿ ನಡೆಯುತ್ತಿದ್ದ ವಿಧಿಗಳನ್ನು ಪ್ರಜಾಪ್ರಭುತ್ವದ ನಗರವು ತನ್ನನ್ನು ತಾನೇ ಪ್ರದರ್ಶಿಸಿಕೊಂಡ ರೀತಿ ಎಂದು ವಿವರಿಸಿದರು. ಹತ್ತು ಸೇನಾಪತಿಗಳು ಧಾರೆ ಎರೆಯುವುದು, ಮಿತ್ರನಗರಗಳು ತಂದ ಕಪ್ಪವನ್ನು ರಂಗಸ್ಥಳದಲ್ಲಿ ಎಲ್ಲರ ಕಣ್ಣೆದುರು ಇಡುವುದು, ನಗರಕ್ಕೆ ಉಪಕಾರ ಮಾಡಿದವರ ಹೆಸರು ಕೂಗಿ ಕಿರೀಟ ತೊಡಿಸುವುದು, ಯುದ್ಧದಲ್ಲಿ ಸತ್ತವರ ಮಕ್ಕಳನ್ನು ಪೂರ್ಣ ಆಯುಧಗಳೊಂದಿಗೆ ಮೆರೆಸುವುದು, ಈ ನಾಲ್ಕೂ ಅವರ ಆಧಾರಗಳು. ಇತಿಹಾಸಕಾರ ಪಿ.ಜೆ. ರೋಡ್ಸ್ 2003ರಲ್ಲಿ ಇದಕ್ಕೆ ಉತ್ತರವಾಗಿ, ಇವುಗಳಲ್ಲಿ ಬಹುಪಾಲು ಯಾವುದೇ ಗ್ರೀಕ್ ನಗರರಾಜ್ಯ ಮಾಡಬಹುದಾದವು, ಪ್ರಜಾಪ್ರಭುತ್ವಕ್ಕೆ ಮಾತ್ರ ಸೇರಿದವಲ್ಲ ಎಂದು ವಾದಿಸಿದರು. ನನಗೆ ರೋಡ್ಸ್ ಅವರ ವಾದ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಕಪ್ಪದ ಪ್ರದರ್ಶನವನ್ನು ಸಾಮ್ರಾಜ್ಯದ ಅಹಂಕಾರವೆಂದು ಕರೆಯಬಹುದು, ಮಿತ್ರರ ಮುಖಕ್ಕೆ ಹೊಡೆದಂತಹ ಆ ಕ್ರಮವನ್ನು ಅಥೆನ್ಸಿನ ಲೇಖಕ ಐಸೊಕ್ರಟೀಸ್ ತಾನೇ ಮೂರ್ಖತನವೆಂದು ಟೀಕಿಸಿದ್ದಾನೆ. ಅದರಲ್ಲಿ ಜನಾಧಿಕಾರ ಎಲ್ಲಿದೆ?

ಇನ್ನೊಂದು ಮಾತು. ಪರಂಪರೆಯ ಪ್ರಕಾರ ಥೆಸ್ಪಿಸ್ ರುದ್ರನಾಟಕವನ್ನು ಆರಂಭಿಸಿದ್ದು ಪೈಸಿಸ್ಟ್ರಾಟಸ್ ಎಂಬ ನಿರಂಕುಶ ಒಡೆಯನ ಕಾಲದಲ್ಲಿ. ಈಸ್ಕಿಲಸ್ ಸಿಸಿಲಿಗೆ ಹೋಗಿ ಸಿರಾಕ್ಯೂಸಿನ ಹಿಯರಾನ್ ಎಂಬ ಇನ್ನೊಬ್ಬ ಒಡೆಯನಿಗಾಗಿ ನಾಟಕ ರಚಿಸಿದನು. ಯೂರಿಪಿಡೀಸ್ ಕೊನೆಯ ವರ್ಷಗಳನ್ನು ಮ್ಯಾಸೆಡೋನಿಯದ ಅರಸ ಆರ್ಕಿಲೇಯಸನ ಆಸ್ಥಾನದಲ್ಲಿ ಕಳೆದನು. ರುದ್ರನಾಟಕಕ್ಕೆ ಉಸಿರಾಡಲು ಪ್ರಜಾಪ್ರಭುತ್ವ ಬೇಕೇ ಬೇಕಿತ್ತೆಂದು ಇದರಿಂದ ತೋರುವುದಿಲ್ಲ.

ನೇತ್ರಾವತಿ:

ಸಂದೇಹಿಯವರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅವರು ಉತ್ಸವದ ಮುಂಭಾಗವನ್ನು ಮಾತ್ರ ನೋಡುತ್ತಿದ್ದಾರೆ. ಉತ್ಸವ ನಡೆಯುವ ಬಗೆಯ ಕಡೆಗೂ ಸ್ವಲ್ಪ ಬನ್ನಿ.

ರುದ್ರನಾಟಕಗಳ ಸ್ಪರ್ಧೆ ನಡೆಯುತ್ತಿದ್ದ ಡಯೊನೀಸಸನ ಉತ್ಸವವಾದ ಮಹಾ ಡಯೊನೀಸಿಯಾ ಎಲಾಫೆಬೋಲಿಯಾನ್ ಮಾಸದಲ್ಲಿ, ಅಂದರೆ ಹೆಚ್ಚುಕಡಿಮೆ ಮಾರ್ಚ್ ಕೊನೆಯ ಹೊತ್ತಿಗೆ, ಕಡಲಯಾನ ಮತ್ತೆ ಸುಗಮವಾಗುವ ಕಾಲದಲ್ಲಿ ಬರುತ್ತಿತ್ತು. ಮುಂಚಿತವಾಗಿ ದೇವರ ಉತ್ಸವಮೂರ್ತಿಯನ್ನು ನಗರದ ಹೊರಗೆ ಅಕಾಡೆಮಿಯ ಬಳಿಯ ಗುಡಿಗೆ ಒಯ್ದು, ಎಲ್ಯುಥೆರೇ ಎಂಬ ಗಡಿ ಊರಿನಿಂದ ದೇವರು ಮೊದಲ ಸಲ ಬಂದುದನ್ನು ನೆನಪಿಸುವಂತೆ ಪಂಜಿನ ಬೆಳಕಿನಲ್ಲಿ ಮರಳಿ ತರುತ್ತಿದ್ದರು. ಮೂರ್ತಿ ರಂಗಮಂದಿರದಲ್ಲಿಯೇ ಇದ್ದು ನಾಟಕ ‘ನೋಡುತ್ತಿತ್ತು’. ಮುಂದಿನ ಸಾಲಿನಲ್ಲಿ ಡಯೊನೀಸಸನ ಅರ್ಚಕನಿಗೆ ಮೀಸಲಾದ ಆಸನ. 405ರಲ್ಲಿ ಲೀನಾಯಾ ಎಂಬ ಇನ್ನೊಂದು ಡಯೊನೀಸಸ್ ಉತ್ಸವದಲ್ಲಿ ಆಡಿದ ಅರಿಸ್ಟೋಫನೀಸನ ‘ಕಪ್ಪೆಗಳು’ ಪ್ರಹಸನದಲ್ಲಿ ಹೆದರಿದ ಡಯೊನೀಸಸ್ ಪಾತ್ರಧಾರಿಯು ಆ ಅರ್ಚಕನ ಕಡೆಗೆ ತಿರುಗಿ ಕಾಪಾಡು ಎಂದು ಬೇಡುವ ತಮಾಷೆ ಇದೆ. ಇಷ್ಟೂ ಧರ್ಮದ ಕಡೆಯದು.

ಈಗ ಆಡಳಿತದ ಕಡೆಗೆ ಬನ್ನಿ. ಯಾವ ಕವಿಗಳು ಸ್ಪರ್ಧಿಸಬೇಕು, ಯಾವ ಶ್ರೀಮಂತ ಯಾವ ಮೇಳದ ಖರ್ಚು ಹೊರಬೇಕು ಎಂಬುದನ್ನು ಗೊತ್ತುಮಾಡುತ್ತಿದ್ದವನು ಆರ್ಕಾನ್, ಆ ವರ್ಷದ ಮುಖ್ಯ ಅಧಿಕಾರಿ; ಕ್ರಿ.ಪೂ. 487ರ ನಂತರ ಆ ಹುದ್ದೆಗೆ ಆಯ್ಕೆ ನಡೆಯುತ್ತಿದ್ದುದು ಚೀಟಿ ಎತ್ತುವುದರಿಂದ. ತೀರ್ಪುಗಾರರ ಹೆಸರುಗಳನ್ನು ಹತ್ತು ಗಣಗಳಿಂದ ಪಟ್ಟಿಮಾಡಿ ಹತ್ತು ಪಾತ್ರೆಗಳಲ್ಲಿ ಮುದ್ರೆಯೊತ್ತಿ ಇಡುತ್ತಿದ್ದರು, ಆ ಮುದ್ರೆಯನ್ನು ಒಡೆಯುವುದು ಮರಣದಂಡನೆಗೆ ಅರ್ಹವಾದ ಅಪರಾಧ. ಸ್ಪರ್ಧೆಯ ಹೊತ್ತಿಗೆ ಒಂದೊಂದು ಪಾತ್ರೆಯಿಂದ ಒಂದೊಂದು ಹೆಸರನ್ನು ಎತ್ತುತ್ತಿದ್ದರು. ಆ ಹತ್ತು ಗಣಗಳು ಕ್ಲೈಸ್ಥನೀಸ್ 508ರ ಸುಧಾರಣೆಯಲ್ಲಿ ಹಳೆಯ ಕುಲಗಳನ್ನು ಕಲಸಿ ಹೊಸದಾಗಿ ಕಟ್ಟಿದವು. ಡಿಥಿರಂಬ್ ಎಂಬ ವೃಂದಗಾನ ಸ್ಪರ್ಧೆಯಲ್ಲಿ ಪ್ರತಿ ಗಣದಿಂದ 50 ಗಂಡಸರೂ 50 ಹುಡುಗರೂ ಹಾಡಿ ಕುಣಿಯುತ್ತಿದ್ದುದರಿಂದ ಪ್ರತಿ ವರ್ಷ 1000 ಮಂದಿ ದೇವರ ಮುಂದೆ ಹೆಜ್ಜೆ ಹಾಕುತ್ತಿದ್ದರು. ಚೀಟಿ, ಗಣ, ಸರದಿ ಇವು ಮೂರೂ ಪ್ರಜಾಪ್ರಭುತ್ವದ ಯಂತ್ರದ ಭಾಗಗಳೇ.

ಉತ್ಸವ ಮುಗಿದ ಮೇಲೆ ಅದೇ ರಂಗಮಂದಿರದಲ್ಲಿ ಜನಸಭೆ ಸೇರಿ, ಅಧಿಕಾರಿಗಳು ದೇವಕಾರ್ಯವನ್ನು ಸರಿಯಾಗಿ ನಡೆಸಿದರೇ, ಉತ್ಸವದ ವೇಳೆ ಯಾರಾದರೂ ತಪ್ಪು ಎಸಗಿದರೇ ಎಂದು ವಿಚಾರಿಸುತ್ತಿತ್ತು. ಇದಕ್ಕೆ ನಮಗೆ ಹತ್ತಿರದಿಂದ ಗೊತ್ತಿರುವ ಪ್ರಕರಣ ವಾಗ್ಮಿ ಡೆಮಾಸ್ತನೀಸನದು. ಕ್ರಿ.ಪೂ. 348ರಲ್ಲಿ ತನ್ನ ಗಣವಾದ ಪಾಂಡಿಯೋನಿಸ್‌ನ ಮೇಳದ ಖರ್ಚು ಹೊತ್ತು, ಅದರ ಮುಖ್ಯಸ್ಥನಾಗಿ ಉಡುಪು ತೊಟ್ಟು ರಂಗಮಂದಿರಕ್ಕೆ ಬಂದಾಗ, ಅವನ ಹಳೆಯ ವೈರಿ ಮೀಡಿಯಾಸ್ ಎಲ್ಲರೆದುರು ಅವನ ಮುಖಕ್ಕೆ ಗುದ್ದಿದನು. ಅದಕ್ಕೂ ಮೊದಲು ಅಕ್ಕಸಾಲಿಗನ ಮನೆಗೆ ನುಗ್ಗಿ ಮೇಳಕ್ಕೆಂದು ಮಾಡಿಸಿದ್ದ ಚಿನ್ನದ ಕಿರೀಟಗಳನ್ನೂ ಉಡುಪನ್ನೂ ಕೆಡಿಸಲು ಯತ್ನಿಸಿದ್ದನಂತೆ. ಡೆಮಾಸ್ತನೀಸ್ ಬರೆದ ಭಾಷಣದ ವಾದ ಹೀಗಿದೆ: ನಾನು ಬರೀ ಡೆಮಾಸ್ತನೀಸ್ ಆಗಿ ಪೆಟ್ಟು ತಿಂದಿದ್ದರೆ ಅದು ಖಾಸಗಿ ವ್ಯಾಜ್ಯ, ದೇವರ ಸೇವೆಯಲ್ಲಿ ನಗರವು ನೇಮಿಸಿದ ಮೇಳದ ಮುಖ್ಯಸ್ಥನಾಗಿ ಪೆಟ್ಟು ತಿಂದದ್ದರಿಂದ ಅದು ದೇವದ್ರೋಹ, ಮತ್ತು ನಿಮ್ಮೆಲ್ಲರ ಕಾನೂನಿಗೆ ಮಾಡಿದ ಅವಮಾನ. ಆ ಭಾಷಣದ ಬಹುಭಾಗ ಹಣವಂತನ ಅಹಂಕಾರದಿಂದ ಬಡ ನಾಗರಿಕನನ್ನು ಕಾನೂನು ಕಾಯಬೇಕೆಂಬ ವಾದ. ಜನಸಭೆ ಅಲ್ಲೇ ಮೀಡಿಯಾಸನ ವಿರುದ್ಧ ಮತ ಹಾಕಿತು. ಆಮೇಲೆ ಡೆಮಾಸ್ತನೀಸ್ 30 ಮೀನಾ ಬೆಳ್ಳಿ ಹಣಕ್ಕೆ ರಾಜಿ ಮಾಡಿಕೊಂಡನೆಂದು ಅವನ ಎದುರಾಳಿ ವಾಗ್ಮಿ ಈಸ್ಕಿನೀಸ್ ಆಡಿಕೊಂಡಿದ್ದಾನೆ, ಅದು ಬೇರೆ ಮಾತು.

ರಂಗದೀವಿಗೆ:

ನೇತ್ರಾವತಿಯವರು ತಂದ ಪ್ರಕರಣ ನನ್ನ ಮಾತಿಗೆ ತುಂಬ ಹತ್ತಿರದ್ದು. ಸಂದೇಹಿಯವರಿಗೆ ಒಂದು ಸೇರ್ಪಡೆ: ರುದ್ರನಾಟಕವು ಪ್ರಜಾಪ್ರಭುತ್ವದಲ್ಲಿ ಮಾತ್ರ ಬದುಕಬಲ್ಲದೆಂದು ನಾನು ಹೇಳುತ್ತಿಲ್ಲ. ಅಥೆನ್ಸಿನ ಕವಿಗಳು ಸಾಮೂಹಿಕ ನಿರ್ಧಾರದ ಕಷ್ಟವನ್ನು ದೇವಕಾರ್ಯದ ಮೂಲಕ ಯೋಚಿಸಿದರು ಎಂಬಷ್ಟೇ ನನ್ನ ಮಾತು. ಈಸ್ಕಿಲಸನ ‘ಶರಣಾರ್ಥಿಗಳು’ ನೋಡಿ. ಡನಾಯಸನ ಹೆಣ್ಣುಮಕ್ಕಳು ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಈಜಿಪ್ಟಿನಿಂದ ಓಡಿಬಂದು, ಬಿಳಿ ಉಣ್ಣೆ ಸುತ್ತಿದ ಕೊಂಬೆಗಳನ್ನು ಹಿಡಿದು ಆರ್ಗಾಸಿನ ದೇವರುಗಳ ಸನ್ನಿಧಿಯಲ್ಲಿ ಕುಳಿತುಕೊಳ್ಳುತ್ತಾರೆ. ನೀನೇ ನಗರ, ನೀನೇ ಜನ, ನೀನು ಒಬ್ಬನೇ ತೀರ್ಮಾನಿಸು ಎಂದು ಅವರು ಅರಸ ಪೆಲಾಸ್ಗಸನನ್ನು ಒತ್ತಾಯಿಸುತ್ತಾರೆ. ಅವನು ಒಪ್ಪುವುದಿಲ್ಲ. ನೀವು ಕುಳಿತಿರುವುದು ನನ್ನ ಮನೆಯ ಒಲೆಯ ಬಳಿಯಲ್ಲ. ಮೈಲಿಗೆ ತಟ್ಟುವುದು ಇಡೀ ನಗರಕ್ಕಾದರೆ ಪರಿಹಾರವನ್ನೂ ಜನ ಸೇರಿಯೇ ಹುಡುಕಬೇಕು ಎನ್ನುತ್ತಾನೆ.

ಈ ತರ್ಕವನ್ನು ನಿಧಾನವಾಗಿ ಗಮನಿಸಬೇಕು. ಜನರನ್ನು ಕೇಳಬೇಕಾದ ಕಾರಣವಾಗಿ ಇಲ್ಲಿ ಹಕ್ಕಿನ ಸಿದ್ಧಾಂತ ಬರುವುದಿಲ್ಲ, ಮೈಲಿಗೆ ಬರುತ್ತದೆ. ಶರಣು ಬಂದವರನ್ನು ಹೊರದಬ್ಬಿದರೆ ದೇವರ ಕೋಪ, ಒಳಗೆ ಬಿಟ್ಟುಕೊಂಡರೆ ಯುದ್ಧ. ಎರಡೂ ಎಲ್ಲರ ತಲೆಯ ಮೇಲೆ ಬೀಳುವುದರಿಂದ ಎಲ್ಲರೂ ಕೈ ಎತ್ತಬೇಕು. ಅಷ್ಟರಲ್ಲಿ ಆ ಹುಡುಗಿಯರು ತಮ್ಮ ಸೊಂಟಪಟ್ಟಿಗಳಿಂದ ದೇವರ ಮೂರ್ತಿಗಳಿಗೇ ನೇಣು ಹಾಕಿಕೊಳ್ಳುತ್ತೇವೆಂದು ಹೇಳಿ ಅರಸನನ್ನು ನಡುಗಿಸುತ್ತಾರೆ. ಶರಣಾಗತಿಯ ವಿಧಿಯಲ್ಲಿ ದುರ್ಬಲರ ಕೈಗೆ ಸಿಕ್ಕ ಬಲವೂ ಇದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಕೊನೆಗೆ ಸಭೆಯಿಂದ ಬಂದ ಡನಾಯಸ್, ಎತ್ತಿದ ಬಲಗೈಗಳಿಂದ ಗಾಳಿಯೇ ಝಲ್ಲೆಂದಿತು ಎಂದು ವರದಿ ಮಾಡುತ್ತಾನೆ. ಮಗಳು ಕೇಳುವ ಪ್ರಶ್ನೆಯಲ್ಲಿ ‘ಜನರ ಆಳುವ ಕೈ’ ಎಂಬ ಪ್ರಯೋಗವಿದೆ. ನಾಟಕ ಕ್ರಿ.ಪೂ. 460ರ ದಶಕದ್ದೆಂದು ಈಗ ಒಪ್ಪಿಗೆಯಿದೆ, ಅಂದರೆ ಎಫಿಯಾಲ್ಟೀಸನ ಸುಧಾರಣೆಯ ಆಸುಪಾಸು.

ಹಳೆಯಹೊತ್ತಿಗೆ:

ನನಗೆ ಬೇರೊಂದು ಅಸಮಾಧಾನವಿದೆ. ಇಂತಹ ಚರ್ಚೆಗಳಲ್ಲಿ ‘ಆಚರಣೆ’ ಎಂಬುದು ಒಂದು ಪರಿಕಲ್ಪನೆಯಾಗಿ ತೇಲಾಡುತ್ತದೆ, ಯಾರೂ ಅದರ ವಿವರಕ್ಕೆ ಇಳಿಯುವುದಿಲ್ಲ. ರುದ್ರನಾಟಕದ ಕವಿಗಳಾದರೋ ವಿವರದಲ್ಲೇ ಬದುಕಿದವರು.

ಸೋಫೋಕ್ಲೀಸನ ‘ಕೊಲೋನಸ್‌ನಲ್ಲಿ ಈಡಿಪಸ್’ ನಾಟಕದಲ್ಲಿ ಕುರುಡ ಈಡಿಪಸ್ ತಿಳಿಯದೆ ಯುಮೆನಿಡೀಸ್ ದೇವತೆಗಳ, ಅಂದರೆ ಅದೇ ಎರಿನಿಗಳ, ಬನದೊಳಕ್ಕೆ ಕಾಲಿಟ್ಟಿರುತ್ತಾನೆ. ಊರಿನ ಮುದುಕರು ಅವನಿಗೆ ಪ್ರಾಯಶ್ಚಿತ್ತದ ಕ್ರಮವನ್ನು ಹೇಳಿಕೊಡುತ್ತಾರೆ. ಮೊದಲು ಸದಾ ಹರಿಯುವ ತೊರೆಯಿಂದ ಶುದ್ಧವಾದ ಕೈಗಳಲ್ಲಿ ನೀರು ತರಬೇಕು. ಅಲ್ಲಿ ನುರಿತ ಕಸುಬಿನವನು ಮಾಡಿದ ಪಾತ್ರೆಗಳಿವೆ, ಅವುಗಳ ಅಂಚಿಗೂ ಹಿಡಿಗಳಿಗೂ ಆಗತಾನೆ ಕತ್ತರಿಸಿದ ಕುರಿಮರಿಯ ಉಣ್ಣೆಯನ್ನು ಸುತ್ತಬೇಕು. ಪೂರ್ವಕ್ಕೆ ಮುಖ ಮಾಡಿ ನಿಂತು ಮೂರು ಧಾರೆ ಎರೆಯಬೇಕು, ಕೊನೆಯ ಪಾತ್ರೆಯನ್ನು ಪೂರ್ತಿ ಬರಿದುಮಾಡಬೇಕು. ನೀರು ಮತ್ತು ಜೇನು ಮಾತ್ರ, ದ್ರಾಕ್ಷಾರಸ ಸೇರಿಸಕೂಡದು. ನೆಲ ಅದನ್ನು ಹೀರಿದ ಮೇಲೆ ಆಲಿವ್ ಚಿಗುರುಗಳನ್ನು ಎರಡೂ ಕೈಗಳಿಂದ ಮೂರು ಸಲ ಒಂಬತ್ತರಂತೆ ಇಡಬೇಕು. ಪ್ರಾರ್ಥನೆಯನ್ನು ಕೇಳಿಸದಷ್ಟು ಮೆಲ್ಲಗೆ ಹೇಳಿ, ಹಿಂದಿರುಗಿ ನೋಡದೆ ಬರಬೇಕು.

ಈಡಿಪಸ್ ತಾನು ಮಾಡಲಾರ, ಶಕ್ತಿಯೂ ಇಲ್ಲ ಕಣ್ಣೂ ಇಲ್ಲ. ಮಗಳು ಇಸ್ಮೀನ್ ಹೋಗುತ್ತಾಳೆ. ಒಳ್ಳೆಯ ಮನಸ್ಸಿನಿಂದ ಮಾಡಿದರೆ ಒಬ್ಬ ಜೀವ ಸಾವಿರಾರು ಜನರ ಪರವಾಗಿ ಈ ಋಣ ತೀರಿಸಬಲ್ಲದು ಎಂದು ಅವನು ಹೇಳುವ ಮಾತು ಇಲ್ಲಿಯೇ ಬರುತ್ತದೆ. ಪ್ರಾತಿನಿಧ್ಯದ ಕುರಿತ ಈ ಮಾತು ಪೂಜೆಯ ಸಂದರ್ಭದಲ್ಲಿ ಹುಟ್ಟಿದ್ದು ಗಮನಾರ್ಹ.

ಇದಕ್ಕೊಂದು ರಾಜಕೀಯ ಹಿನ್ನೆಲೆಯೂ ಇದೆ. ಕ್ರಿ.ಪೂ. 411ರಲ್ಲಿ ಅಥೆನ್ಸಿನ ಪ್ರಜಾಪ್ರಭುತ್ವವನ್ನು ರದ್ದುಗೊಳಿಸಿ ನಾನೂರು ಮಂದಿಯ ಕೈಗೆ ಅಧಿಕಾರ ಕೊಟ್ಟ ಸಭೆ ಎಂದಿನ ಸ್ಥಳದಲ್ಲಿ ನಡೆಯಲಿಲ್ಲ, ನಗರದ ಹೊರಗೆ ಇದೇ ಕೊಲೋನಸ್‌ನಲ್ಲಿ ಪೊಸೈಡನ್ ದೇವರ ಆವರಣದಲ್ಲಿ ನಡೆಯಿತೆಂದು ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿದ್ದಾನೆ. ಸೋಫೋಕ್ಲೀಸನ ಹುಟ್ಟೂರು ಅದೇ. ಆ ಬದಲಾವಣೆಗೆ ದಾರಿ ಮಾಡಿಕೊಟ್ಟ ಹಿರಿಯ ಸಲಹೆಗಾರರ ಸಮಿತಿಯಲ್ಲಿ ಸೋಫೋಕ್ಲೀಸ್ ಎಂಬವನೊಬ್ಬನಿದ್ದನೆಂದು ಅರಿಸ್ಟಾಟಲ್ ಹೇಳುತ್ತಾನೆ. ಅವನು ಕವಿಯೇ ಎಂದು ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ. ತನ್ನ ಕಡೆಗಾಲದಲ್ಲಿ ಆತ ಬರೆದ ಈ ನಾಟಕ, ಸತ್ತ ಮೇಲೆ ಕ್ರಿ.ಪೂ. 401ರಲ್ಲಿ ಮೊಮ್ಮಗನಿಂದ ರಂಗಕ್ಕೆ ಬಂದಿತು. ಆ ಹೊತ್ತಿಗೆ ನಗರವು ಸ್ಪಾರ್ಟಾಕ್ಕೆ ಸೋತು, ಮೂವತ್ತು ಮಂದಿಯ ಕ್ರೂರ ಆಳ್ವಿಕೆಯನ್ನು ಕಂಡು, ಪ್ರಜಾಪ್ರಭುತ್ವವನ್ನು ಮತ್ತೆ ಪಡೆದಿತ್ತು. ಅಂತಹ ಪ್ರೇಕ್ಷಕರು ಕೊಲೋನಸ್ ಎಂಬ ಹೆಸರನ್ನು ಕೇಳಿದಾಗ, ಅಲ್ಲಿನ ಮೈಲಿಗೆಯನ್ನು ತೊಳೆಯುವ ವಿಧಿಯನ್ನು ಹೆಜ್ಜೆ ಹೆಜ್ಜೆಯಾಗಿ ಕೇಳಿದಾಗ, 411ನ್ನು ನೆನೆಯದೆ ಇದ್ದಾರೆಯೇ? ಕವಿಯ ಉದ್ದೇಶವನ್ನು ನಾನು ಊಹಿಸುವುದಿಲ್ಲ. ಪ್ರೇಕ್ಷಕರ ನೆನಪನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತೇನೆ.

ಕಾವ್ಯಾಸಕ್ತೆ:

ಇಲ್ಲಿಯವರೆಗಿನ ಮಾತಿನಲ್ಲಿ ‘ಜನ’ ಎಂದರೆ ಗಂಡು ನಾಗರಿಕರು ಎಂಬುದು ಯಾರಿಗೂ ತೊಡಕಾದಂತೆ ಕಾಣಲಿಲ್ಲ. ಹೆಂಗಸರಿಗೂ ಗುಲಾಮರಿಗೂ ಮತವಿರಲಿಲ್ಲ, ನಗರದಲ್ಲಿ ನೆಲೆಸಿದ ಪರದೇಶೀಯರಿಗೂ ಇರಲಿಲ್ಲ. ಆದರೆ ರಂಗದ ಮೇಲೆ ಮಾತಾಡುವವರಲ್ಲಿ ಅರ್ಧದಷ್ಟು ಅವರೇ, ಅದಕ್ಕೆ ದೇವಕಾರ್ಯವೇ ಮುಖ್ಯ ಕಾರಣ. ಅಥೆನ್ಸಿನ ಹೆಂಗಸು ಸಾರ್ವಜನಿಕವಾಗಿ ಮನ್ನಣೆ ಪಡೆಯುತ್ತಿದ್ದುದು ಅರ್ಚಕಿಯಾಗಿ, ಮೆರವಣಿಗೆಯಲ್ಲಿ ಬುಟ್ಟಿ ಹೊರುವವಳಾಗಿ, ಸಾವಿನ ಮನೆಯಲ್ಲಿ ಶೋಕಗೀತೆ ಹಾಡುವವಳಾಗಿ. ಈ ಮೂರನೆಯದನ್ನೇ ನಗರ ಹಿಡಿತಕ್ಕೆ ತಂದುಕೊಂಡಿತು. ಹೆಣದ ಮುಂದೆ ಮೈ ಪರಚಿಕೊಳ್ಳುವುದನ್ನೂ ಕಟ್ಟಿದ ಶೋಕಗೀತೆಗಳನ್ನು ಹಾಡುವುದನ್ನೂ ಹಳೆಯ ಶಾಸನಕರ್ತ ಸೋಲಾನ್ ನಿಷೇಧಿಸಿದನೆಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುತ್ತಾನೆ. ಯುದ್ಧದಲ್ಲಿ ಸತ್ತವರಿಗೆ ನಗರವೇ ಸಾಮೂಹಿಕ ಸಂಸ್ಕಾರ ಮಾಡುತ್ತಿತ್ತು: ಗಣಕ್ಕೊಂದರಂತೆ ಸೈಪ್ರಸ್ ಮರದ ಪೆಟ್ಟಿಗೆಗಳಲ್ಲಿ ಮೂಳೆಗಳು, ಸಿಗದವರಿಗಾಗಿ ಒಂದು ಖಾಲಿ ಮಂಚ, ಆಮೇಲೆ ನಗರ ಆರಿಸಿದ ಗಂಡಸಿನ ಭಾಷಣ. ಅಥೆನ್ಸಿನ ನಾಯಕ ಪೆರಿಕ್ಲೀಸನ ಪ್ರಸಿದ್ಧ ಭಾಷಣ ಅಂತಹದೇ. ಸತ್ತವನ ತಾಯಿಗೆ ಅಲ್ಲಿ ಅಳಲು ಎಡೆಯಿತ್ತು, ಆದರೆ ಅಂತಿಮ ಮಾತು ಅವಳದಲ್ಲ.

ಆ ಮಾತು ರಂಗದ ಮೇಲೆ ಮರಳಿ ಬರುತ್ತದೆ. ‘ಒರೆಸ್ಟಿಯಾ’ದ ಎರಡನೆಯ ನಾಟಕದ ಮೇಳದವರು ಅರಮನೆಯ ಗುಲಾಮ ಹೆಂಗಸರು, ಯುದ್ಧದಲ್ಲಿ ಸೆರೆಸಿಕ್ಕವರು. ಒರೆಸ್ಟೀಸನ ತಾಯಿ ಕ್ಲೈಟೆಮ್ನೆಸ್ಟ್ರಾ ತನ್ನ ಭಯವನ್ನು ತಣಿಸಿಕೊಳ್ಳಲು ಕೊಂದ ಗಂಡನ ಗೋರಿಗೆ ತರ್ಪಣ ಕಳಿಸುತ್ತಾಳೆ, ಅದನ್ನು ಹೊತ್ತು ತರುವವರು ಇವರು. ಏನೆಂದು ಹೇಳಿ ಎರೆಯಲಿ ಎಂದು ಅವಳ ಮಗಳು ಎಲೆಕ್ಟ್ರಾ ಅವರನ್ನೇ ಕೇಳುತ್ತಾಳೆ, ಅವರು ಹೇಳಿಕೊಟ್ಟಂತೆ ಪ್ರಾರ್ಥನೆ ತಿರುಗಿ ಕಳಿಸಿದವಳ ಮೇಲೆಯೇ ಎರಗುತ್ತದೆ. ಮೊದಲ ನಾಟಕದಲ್ಲಿಯೂ ವಿಧಿಗಳೆಲ್ಲ ಕೆಟ್ಟೇ ಇವೆ. ಇನ್ನೊಬ್ಬ ಮಗಳು ಇಫಿಜೀನಿಯಾಳನ್ನು ಆಡಿನ ಮರಿಯಂತೆ ಬಲಿಪೀಠದ ಮೇಲೆ ಎತ್ತುತ್ತಾರೆ, ಶಾಪ ಹೊರಬೀಳದಿರಲೆಂದು ಬಾಯಿ ಕಟ್ಟುತ್ತಾರೆ. ಗಂಡನಿಗೆ ಹೊಡೆದ ಮೂರನೆಯ ಪೆಟ್ಟನ್ನು ಕ್ಲೈಟೆಮ್ನೆಸ್ಟ್ರಾ ಹೆಣಗಳನ್ನು ಕಾಯುವ ಪಾತಾಳದ ಜ್ಯೂಸನಿಗೆ ಅರ್ಪಣೆ ಎನ್ನುತ್ತಾಳೆ; ಔತಣದಲ್ಲಿ ಮೂರನೆಯ ಧಾರೆ ರಕ್ಷಕನಾದ ಜ್ಯೂಸನಿಗೆ ಸಲ್ಲುತ್ತಿತ್ತೆಂದು ತಿಳಿದಿದ್ದ ಪ್ರೇಕ್ಷಕರಿಗೆ ಆ ಮಾತು ಎಷ್ಟು ಭೀಕರವಾಗಿ ಕೇಳಿಸಿರಬೇಕು. ರಂಗದೀವಿಗೆಯವರು ಹೇಳಿದ ಕೊನೆಯ ಮೆರವಣಿಗೆಗೆ ಅಷ್ಟು ತೂಕ ಬರುವುದು, ಅದಕ್ಕೆ ಮೊದಲು ಎರಡು ನಾಟಕಗಳಷ್ಟು ಹೊತ್ತು ಒಂದು ವಿಧಿಯೂ ನೆಟ್ಟಗೆ ನಡೆದಿರದ ಕಾರಣದಿಂದ.

ಒಂದು ವಿಷಯವನ್ನು ಮರೆಯಬಾರದು: ಆ ಗುಲಾಮ ಹೆಂಗಸರ ಮುಖವಾಡದ ಹಿಂದೆ ಇದ್ದವರು ಅಥೆನ್ಸಿನ ಗಂಡು ನಾಗರಿಕರೇ, ಮಹಾ ಡಯೊನೀಸಿಯಾದ ಮೇಳಗಳಲ್ಲಿ ಪರದೇಶೀಯರು ಕುಣಿಯುವಂತಿರಲಿಲ್ಲ. ಮತ ಹಾಕುವವನು ಮತವಿಲ್ಲದವಳ ಹಾಡನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಿದ್ದನು. ಇದರಿಂದ ಅವಳಿಗೆ ಏನೂ ದಕ್ಕಲಿಲ್ಲ ಎಂಬುದೂ ನಿಜ.

ಸಂದೇಹಿ:

ಕಾವ್ಯಾಸಕ್ತೆಯವರ ಕೊನೆಯ ವಾಕ್ಯಕ್ಕೆ ನನ್ನ ಪೂರ್ಣ ಸಹಮತವಿದೆ. ಇನ್ನು ಯಾರಾದರೂ, ದ್ರೋಹಿಯಾದ ಸೋದರನನ್ನು ಹೂಳಬಾರದೆಂಬ ಥೀಬ್ಸಿನ ಅರಸ ಕ್ರೆಯಾನನ ಆಜ್ಞೆಯನ್ನು ಮೀರಿದ ಸೋಫೋಕ್ಲೀಸನ ಆಂಟಿಗೊನೆಯನ್ನು ಪ್ರಜಾಪ್ರಭುತ್ವದ ನಾಯಕಿಯಾಗಿ ನಿಲ್ಲಿಸುವ ಮೊದಲು ಒಂದು ತೊಡಕನ್ನು ಮುಂದಿಡುತ್ತೇನೆ. ದ್ರೋಹಿಯನ್ನು ಅಟ್ಟಿಕಾದ, ಅಂದರೆ ಅಥೆನ್ಸಿನ ನಾಡಿನ, ನೆಲದಲ್ಲಿ ಹೂಳಬಾರದೆಂಬುದು ಅಥೆನ್ಸಿನದೇ ಕಾನೂನು. ಸಲಾಮಿಸ್‌ನಲ್ಲಿ ಪರ್ಷಿಯದ ಸೇನೆಯಿಂದ ನಗರವನ್ನು ಉಳಿಸಿದ ಥೆಮಿಸ್ಟೋಕ್ಲೀಸನ ಮೂಳೆಗಳನ್ನೂ ಈ ಕಾನೂನಿನಿಂದಾಗಿ ಬಂಧುಗಳು ಗುಟ್ಟಾಗಿ ತಂದು ಹೂಳಬೇಕಾಯಿತೆಂಬ ಕಥೆ ಥ್ಯುಸಿಡಿಡೀಸನಲ್ಲಿದೆ. ಆದ್ದರಿಂದ ಕ್ರೆಯಾನನ ಆಜ್ಞೆಯ ಮೊದಲ ಅರ್ಧವು ಪ್ರೇಕ್ಷಕರಿಗೆ ಅಪರಿಚಿತವಲ್ಲ. ಗಡಿಯಾಚೆ ಎಸೆಯುವ ಬದಲು ತನ್ನ ನೆಲದಲ್ಲೇ ನಾಯಿ ಹದ್ದುಗಳಿಗೆ ಬಿಟ್ಟದ್ದು ಅವನ ಅತಿರೇಕ, ಅದರ ಫಲವನ್ನು ಕಾಲಜ್ಞಾನಿ ಟೈರೀಸಿಯಸ್ ವರದಿ ಮಾಡುತ್ತಾನೆ: ಬಲಿಯ ಬೆಂಕಿ ಹೊತ್ತಿಕೊಳ್ಳಲಿಲ್ಲ, ತೊಡೆಯ ಕೊಬ್ಬು ಕರಗಿ ಬೂದಿಯ ಮೇಲೆ ತೊಟ್ಟಿಕ್ಕಿ ಹೊಗೆಯಾಡಿತು, ಪಿತ್ತಕೋಶ ಸಿಡಿದು ಚೆಲ್ಲಿತು. ಹದ್ದು ನಾಯಿಗಳು ಹೆಣದ ತುಣುಕುಗಳನ್ನು ಬಲಿಪೀಠಗಳಿಗೇ ತಂದು ಹಾಕಿವೆ. ಒಬ್ಬನದೇ ಆದ ನಗರ ನಗರವೇ ಅಲ್ಲ ಎಂದು ಕ್ರೆಯಾನನ ಮಗ ಹೀಮಾನ್ ಹೇಳುವುದು ಸರಿ, ಆದರೆ ಕ್ರೆಯಾನ್ ಬಗ್ಗುವುದು ಆ ಮಾತಿಗಲ್ಲ. ಅವನು ಬಗ್ಗುವುದು ಕೆಟ್ಟ ಬಲಿಗೆ. ಹಾಗಾದರೆ ಜನಾಭಿಪ್ರಾಯಕ್ಕೆ ಅಲ್ಲಿ ಏನು ಬೆಲೆ?

ತುಂಬೆಹೂ:

ನಾನು ಇಲ್ಲಿ ಹೊಸಬ. ಬಿ.ಎಂ.ಶ್ರೀ ಅವರ ‘ಪಾರಸಿಕರು’ ಮೂಲಕವೇ ಈಸ್ಕಿಲಸನ ಪರಿಚಯವಾದದ್ದು. ಅದರಲ್ಲಿ ಅಥೆನ್ಸಿನ ದೇವರ ಉತ್ಸವವಾಗಲಿ ಜನಸಭೆಯಾಗಲಿ ಎಲ್ಲಿಯೂ ಕಾಣುವುದಿಲ್ಲವಲ್ಲ, ಇಡೀ ಕಥೆ ಪರ್ಷಿಯದ ಅರಮನೆಯಲ್ಲಿಯೇ ನಡೆಯುತ್ತದೆ. ಅದನ್ನು ಈ ಚರ್ಚೆಯಲ್ಲಿ ಎಲ್ಲಿ ಇಡಬೇಕು?

ಹಳೆಯಹೊತ್ತಿಗೆ:

ತುಂಬೆಹೂ ಅವರೇ, ಸ್ವಾಗತ. ಮೂಲ ನಾಟಕ ಕ್ರಿ.ಪೂ. 472ರದು, ಸಲಾಮಿಸ್ ಯುದ್ಧಕ್ಕೆ ಎಂಟು ವರ್ಷಗಳ ನಂತರದ್ದು. ಮೇಳದ ಖರ್ಚು ಹೊತ್ತವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ಅದರಲ್ಲಿ ರಾಣಿ ಎರಡು ಕೆಲಸ ಮಾಡುತ್ತಾಳೆ. ಮೊದಲನೆಯದು, ಮಗ, ಅರಸ ಕ್ಸರ್ಕ್ಸೀಸ್, ಸೋತರೂ ಅವನು ನಗರಕ್ಕೆ ಲೆಕ್ಕ ಒಪ್ಪಿಸಬೇಕಾದವನಲ್ಲ ಎಂದು ಹೇಳುವುದು. ಅಧಿಕಾರದ ಅವಧಿ ಮುಗಿದ ಪ್ರತಿಯೊಬ್ಬ ಅಧಿಕಾರಿಯೂ ಕಡ್ಡಾಯವಾಗಿ ಲೆಕ್ಕ ಒಪ್ಪಿಸುತ್ತಿದ್ದ ಅಥೆನ್ಸಿನಲ್ಲಿ ಆ ಸಾಲು ಕಿವಿಗೆ ಬಿದ್ದ ಕೂಡಲೇ ಜನ ತಮ್ಮ ವ್ಯವಸ್ಥೆಯನ್ನು ನೆನೆದಿರುತ್ತಾರೆ. ಎರಡನೆಯದು, ಮಚ್ಚೆಯಿಲ್ಲದ ಹಸುವಿನ ಹಾಲು, ಜೇನು, ಚಿಲುಮೆಯ ನೀರು, ದ್ರಾಕ್ಷಾರಸ, ಆಲಿವ್, ಹೂವಿನ ಹಾರ ಇಷ್ಟನ್ನೂ ತಂದು ಗಂಡನ ಗೋರಿಗೆ ಅರ್ಪಿಸಿ ಸತ್ತ ಡೇರಿಯಸನನ್ನು ಎಬ್ಬಿಸುವುದು. ಲೆಕ್ಕ ಕೇಳುವ ಸಭೆಯಿಲ್ಲದ ನಾಡಿನಲ್ಲಿ ಮಗನ ತಪ್ಪನ್ನು ತಪ್ಪೆಂದು ಹೇಳಲು ಒಬ್ಬ ಪ್ರೇತವೇ ಎದ್ದು ಬರಬೇಕಾಯಿತು.

ರಂಗದೀವಿಗೆ:

ಇದೇ ಸಂದೇಹಿಯವರ ಪ್ರಶ್ನೆಗೂ ಉತ್ತರ ಎಂದು ನನಗನ್ನಿಸುತ್ತದೆ. ಥೀಬ್ಸಿನಲ್ಲಿ ಕ್ರೆಯಾನ್ ಜನರ ಮಾತನ್ನು ಕೇಳುವ ದಾರಿಯನ್ನು ಮುಚ್ಚಿರುವುದರಿಂದಲೇ ಕೊನೆಗೆ ಬಲಿಪೀಠ ಮಾತಾಡಬೇಕಾಗುತ್ತದೆ. ಊರೆಲ್ಲ ಕತ್ತಲಲ್ಲಿ ಪಿಸುಗುಟ್ಟುವುದನ್ನು ಹೀಮಾನ್ ಮೊದಲೇ ಹೇಳಿರುತ್ತಾನೆ, ಅದೇ ವಿಷಯವನ್ನು ದೇವರು ತಡವಾಗಿ, ದುಬಾರಿಯಾಗಿ ಹೇಳುತ್ತಾನೆ.

ಎರಡೂ ದಾರಿ ತೆರೆದಿರುವ ಊರು ಹೇಗಿರುತ್ತದೆ ಎಂಬುದಕ್ಕೆ ಯೂರಿಪಿಡೀಸನ ‘ಶರಣಾರ್ಥಿಗಳು’ ನೋಡಬೇಕು. ಥೀಬ್ಸಿನ ಮೇಲೆ ದಂಡೆತ್ತಿ ಬಂದು ಅದರ ಬಾಗಿಲಲ್ಲಿ ಸತ್ತ ಆರ್ಗಾಸ್ ಕಡೆಯ ಏಳು ವೀರರ ಹೆಣಗಳನ್ನು ಕೊಡಲು ಥೀಬ್ಸ್ ಒಪ್ಪುತ್ತಿಲ್ಲ. ಅವರ ತಾಯಂದಿರು ಎಲ್ಯೂಸಿಸ್‌ನ ದೇಗುಲದಲ್ಲಿ, ಉಳುಮೆಗೆ ಮುನ್ನ ನಡೆಯುವ ಬಲಿಗಾಗಿ ಬಂದ ಅಥೆನ್ಸಿನ ಅರಸ ಥೀಸಿಯಸನ ತಾಯಿ ಈಥ್ರಾಳನ್ನು ಸುತ್ತುವರಿದು ಕೊಂಬೆಗಳ ಕಟ್ಟಿನಲ್ಲಿ ಸಿಲುಕಿಸಿ ಕುಳಿತಿದ್ದಾರೆ. ಥೀಸಿಯಸ್ ಮೊದಲು ನಿರಾಕರಿಸುತ್ತಾನೆ, ತಾಯಿಯ ಮಾತಿಗೆ ಒಲಿಯುತ್ತಾನೆ, ಆಮೇಲೂ ಜನಸಭೆಯ ಒಪ್ಪಿಗೆ ಪಡೆದೇ ಹೊರಡುತ್ತಾನೆ. ನಡುವೆ ಥೀಬ್ಸಿನ ದೂತ ಬಂದು ಇಲ್ಲಿನ ಒಡೆಯ ಯಾರು ಎಂದು ಕೇಳಿದಾಗ, ಇಲ್ಲಿ ಒಡೆಯನಿಲ್ಲ, ಜನ ಸರದಿಯ ಮೇಲೆ ವರ್ಷವರ್ಷವೂ ಆಳುತ್ತಾರೆ, ಬಡವನಿಗೂ ಸಮಪಾಲು ಎಂದು ಉತ್ತರಿಸುತ್ತಾನೆ. ದೂತನೂ ಸುಮ್ಮನಿರುವುದಿಲ್ಲ. ಯುದ್ಧಕ್ಕೆ ಮತ ಹಾಕುವಾಗ ಯಾರೂ ತನ್ನ ಸಾವನ್ನು ಲೆಕ್ಕ ಹಾಕುವುದಿಲ್ಲ, ಸಾಯುವವನು ಬೇರೆಯವನೆಂದೇ ಎಣಿಸುತ್ತಾನೆ ಎನ್ನುತ್ತಾನೆ. ಸ್ಪಾರ್ಟಾದೊಡನೆ ನಡೆದ ಪೆಲೊಪೊನೀಸಿಯನ್ ಯುದ್ಧದ ನಡುವೆ ಆಡಿದ ನಾಟಕವಿದು. ಕ್ರಿ.ಪೂ. 424ರಲ್ಲಿ ಡೀಲಿಯಮ್ ಕದನದ ನಂತರ ಥೀಬ್ಸ್ ಇರುವ ನಾಡಾದ ಬಿಯೋ‌ಷಿಯದವರು ಅಥೆನ್ಸಿನವರ ಹೆಣಗಳನ್ನು ತಡೆಹಿಡಿದಿದ್ದ ನೆನಪು ಇನ್ನೂ ಹಸಿಯಾಗಿದ್ದಿರಬೇಕು.

ಹೆಣಗಳು ಬಂದು ದಹನವೂ ಆದ ಮೇಲೆ, ಮೂಳೆಗಳನ್ನು ಹಾಗೇ ಕಳಿಸಿಕೊಡಲು ಥೀಸಿಯಸ್ ಸಿದ್ಧನಾಗಿರುವಾಗ ಅಥೀನಾ ಕಾಣಿಸಿಕೊಂಡು ತಡೆಯುತ್ತಾಳೆ. ಬರೀ ಕೃತಜ್ಞತೆ ಸಾಲದು, ಆರ್ಗಾಸಿನ ಅರಸ ಅಡ್ರಾಸ್ಟಸನಿಂದ ಪ್ರಮಾಣ ಮಾಡಿಸು ಎನ್ನುತ್ತಾಳೆ. ನಿನ್ನ ಮನೆಯಲ್ಲಿ ಕಂಚಿನ ಕಾಲಿನ ತ್ರಿಪಾದಿಯೊಂದಿದೆ, ಹೆರಾಕ್ಲೀಸ್ ಬಿಟ್ಟುಹೋದದ್ದು. ಅದರ ಮೇಲೆ ಮೂರು ಕುರಿಗಳ ಕತ್ತು ಕೊಯ್ದು, ಪ್ರಮಾಣದ ಮಾತುಗಳನ್ನು ಅದರ ಗುಳಿಯಲ್ಲಿ ಕೊರೆದು, ಡೆಲ್ಫಿಗೆ ಒಪ್ಪಿಸು. ಕೊಯ್ದ ಕತ್ತಿಯನ್ನು ಏಳು ಚಿತೆಗಳ ಬಳಿ ನೆಲದಾಳದಲ್ಲಿ ಹೂತಿಡು, ಎಂದಾದರೂ ಅವರು ದಂಡೆತ್ತಿ ಬಂದರೆ ಅದನ್ನು ತೋರಿಸು. ಜನಾಧಿಕಾರದ ಬಗ್ಗೆ ರುದ್ರನಾಟಕದಲ್ಲಿ ಬಂದ ಅತ್ಯಂತ ನೇರವಾದ ಮಾತು ಇರುವ ನಾಟಕ ಹೂತಿಟ್ಟ ಕತ್ತಿಯ ಪ್ರಮಾಣದೊಂದಿಗೆ ಮುಗಿಯುತ್ತದೆ.

ನೇತ್ರಾವತಿ:

ಇದು ರಂಗದ ಮಾತಷ್ಟೇ ಅಲ್ಲ. ಅರಿಯೋಪಗಸ್‌ನಲ್ಲಿ ಕೊಲೆಯ ಆರೋಪ ಹೊರಿಸುವವನು ಹಂದಿ, ಟಗರು, ಗೂಳಿ ಇವುಗಳ ಕೊಯ್ದ ತುಂಡುಗಳ ಮೇಲೆ ನಿಂತು ಪ್ರಮಾಣ ಮಾಡಬೇಕಿತ್ತೆಂದು ಡೆಮಾಸ್ತನೀಸ್ ವಿವರಿಸಿದ್ದಾನೆ. ಬಿಡುಗಡೆಯಾದವರು ಪಕ್ಕದಲ್ಲೇ ಇದ್ದ ಆ ಉಗ್ರದೇವತೆಗಳ ಗುಡಿಯಲ್ಲಿ ಬಲಿ ಕೊಡುವ ರೂಢಿಯಿತ್ತೆಂದು ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿದ್ದಾನೆ. ಈಸ್ಕಿಲಸ್ ತೋರಿಸಿದ ಕೊನೆಯ ಮೆರವಣಿಗೆ ಪ್ರೇಕ್ಷಕರಿಗೆ ಗೊತ್ತಿದ್ದ ಗುಡಿಗೇ ಹೋಗಿ ಸೇರುತ್ತದೆ.

ಸಂದೇಹಿ:

ರಂಗದ ಹೊರಗೆ ಆರ್ಗಾಸ್ ಮಾಡಿದ ಪ್ರಮಾಣದ ಗತಿಯನ್ನೂ ಹೇಳಿಬಿಡೋಣ. ಕ್ರಿ.ಪೂ. 420ರಲ್ಲಿ ಅಥೆನ್ಸ್, ಆರ್ಗಾಸ್, ಮ್ಯಾಂಟಿನಿಯಾ, ಈಲಿಸ್ ನಾಲ್ಕೂ ಸೇರಿ ಒಪ್ಪಂದ ಮಾಡಿಕೊಂಡವು. ಪೂರ್ಣವಾಗಿ ಬೆಳೆದ ಬಲಿಪಶುಗಳ ಮೇಲೆ ಪ್ರಮಾಣ, ದೇಗುಲಗಳಲ್ಲಿ ಕಲ್ಲಿನ ಶಾಸನ, ಒಲಿಂಪಿಕ್ ಉತ್ಸವಕ್ಕೂ ಅಥೆನ್ಸಿನ ಮಹಾ ಪ್ಯಾನಥೀನಾಯಕ್ಕೂ ಮುನ್ನ ಅದರ ನವೀಕರಣ, ಎಲ್ಲವೂ ಥ್ಯುಸಿಡಿಡೀಸನಲ್ಲಿ ದಾಖಲಾಗಿದೆ. 418ರಲ್ಲಿ ಮ್ಯಾಂಟಿನಿಯಾ ಕದನದಲ್ಲಿ ಸ್ಪಾರ್ಟಾಕ್ಕೆ ಸೋತ ಕೂಡಲೇ ಆರ್ಗಾಸಿನ ಸಿರಿವಂತರು ಸ್ಪಾರ್ಟಾದ ಕಡೆ ವಾಲಿ, ಆ ಒಪ್ಪಂದವನ್ನು ತೊರೆದು, ತಮ್ಮ ಊರಿನ ಪ್ರಜಾಪ್ರಭುತ್ವವನ್ನೂ ಕಿತ್ತುಹಾಕಿದರು. ಪ್ರಮಾಣ ಎರಡು ವರ್ಷ ಬಾಳಿತು.

ರಂಗದೀವಿಗೆ:

ಮುಂದಿನ ವರ್ಷದ್ದನ್ನೂ ಸೇರಿಸಿ. 417ರಲ್ಲಿ ಆರ್ಗಾಸಿನ ಜನಪಕ್ಷದವರು ಮತ್ತೆ ಗುಂಪುಗೂಡಿ, ಸ್ಪಾರ್ಟಾದಲ್ಲಿ ಜಿಮ್ನೊಪೈಡಿಯಾ ಉತ್ಸವ ನಡೆಯುವ ಹೊತ್ತನ್ನೇ ಕಾದು ಸಿರಿವಂತರ ಮೇಲೆ ಬಿದ್ದರು. ಮಿತ್ರರು ಕರೆಕಳಿಸಿದರೂ ಸ್ಪಾರ್ಟಾದವರು ಬಹಳ ಹೊತ್ತು ಬರಲಿಲ್ಲ, ಕೊನೆಗೆ ಉತ್ಸವವನ್ನು ಮುಂದೂಡಿ ಹೊರಟು ಟೆಜಿಯಾ ತಲುಪುವಷ್ಟರಲ್ಲಿ ಸಿರಿವಂತರು ಸೋತ ಸುದ್ದಿ ಬಂದಿತು. ಅಲ್ಲಿಂದಲೇ ಹಿಂದಿರುಗಿ, ಊರಿಗೆ ಹೋಗಿ ಉತ್ಸವ ಮುಗಿಸಿದರು. ಆರ್ಗಾಸ್ ಮತ್ತೆ ಅಥೆನ್ಸಿನ ಕಡೆ ಬಂದಿತು.